ನಿನ್ನೆಯ ಉತ್ತರದಿಂದ ಇಂದಿನ ಉತ್ತರ

ಗಣಿತದಲ್ಲಿ ಕೆಲವು ಪ್ರಶ್ನೆಗಳು ನೋಡುವುದಕ್ಕೆ ಬಹಳ ಸುಲಭವಾಗಿರುವುವು. ಅವುಗಳ ಉತ್ತರವನ್ನು ಕಂಡುಹಿಡಿಯುವ ದಾರಿಯೂ ಸುಲಭವೆಂದೇ ತೋರುವುದು. ಆದರೆ ಆ ದಾರಿಯಲ್ಲಿ ನಡೆಯತೊಡಗಿದ ಮೇಲೆಯೇ ಅದು ಎಷ್ಟು ದೂರದ ದಾರಿಯೆಂಬುದು ಅರಿವಿಗೆ ಬರುವುದು. ಅಂತಹ ಪ್ರಶ್ನೆಯೊಂದನ್ನೂ, ಅದನ್ನು ಅತ್ಯಲ್ಪ ಶ್ರಮದಿಂದ ಬಿಡಿಸುವ ಯುಕ್ತಿಯೊಂದನ್ನೂ ಇಲ್ಲಿ ವಿವರಿಸಿದೆ. ಸಂಖ್ಯೆಗಳನ್ನು ಕೂಡುವುದು, ಎರಡು ಸಂಖ್ಯೆಗಳಲ್ಲಿ ದೊಡ್ಡದು ಯಾವುದೆಂದು ಹೇಳುವುದು—ಇವೆರಡನ್ನು ಬಲ್ಲ ವಿದ್ಯಾರ್ಥಿಗಳೆಲ್ಲರೂ ಇದನ್ನು ಗ್ರಹಿಸಬಹುದು.

ಒಂದು ಅಂಗಡಿಯ ಲೆಕ್ಕದ ಪುಸ್ತಕವನ್ನು ತೆಗೆದುಕೊಳ್ಳೋಣ. ಅದರಲ್ಲಿ ಹತ್ತು ದಿನಗಳ ಲಾಭನಷ್ಟಗಳನ್ನು ನೂರು ರೂಪಾಯಿಗಳ ಮಾನದಲ್ಲಿ ಹೀಗೆ ಬರೆದಿಟ್ಟಿದೆಯೆಂದು ಭಾವಿಸೋಣ:

೩, −೫, ೪, ೬, −೩, ೭, −೧೨, ೮, ೨, −೧

ಋಣಚಿಹ್ನೆಯಿರುವ ಸಂಖ್ಯೆಗಳು ನಷ್ಟವನ್ನೂ ಉಳಿದವು ಲಾಭವನ್ನೂ ಸೂಚಿಸುತ್ತವೆ. ಈಗ ಪ್ರಶ್ನೆ ಇದು: ನಡುವೆ ಒಂದು ದಿನವನ್ನೂ ಬಿಡದೆ, ಒಂದರ ಹಿಂದೊಂದರಂತೆ ಬರುವ ಯಾವ ದಿನಗಳನ್ನು ಆರಿಸಿಕೊಂಡರೆ ಒಟ್ಟು ಲಾಭವು ಎಲ್ಲಕ್ಕಿಂತ ಹೆಚ್ಚಾಗುವುದು?

ಲಾಭದ ದಿನಗಳನ್ನು ಮಾತ್ರ ಹಿಡಿದರೆ ಸಾಕೆಂದು ಮೊದಲಿಗೆ ತೋರಬಹುದು. ಹಾಗೆ ಮಾಡಿದರೆ ಮೂರನೆಯ ಮತ್ತು ನಾಲ್ಕನೆಯ ದಿನಗಳಿಂದ ೧೦ ದೊರೆಯುವುದು. ಎಂಟನೆಯ ಮತ್ತು ಒಂಬತ್ತನೆಯ ದಿನಗಳಿಂದಲೂ ೧೦ ದೊರೆಯುವುದು. ಆದರೆ ಐದನೆಯ ದಿನದ ೩ರ ನಷ್ಟವನ್ನು ಸಹಿಸಿಕೊಂಡು ಆರನೆಯ ದಿನದ ೭ನ್ನು ಸೇರಿಸಿಕೊಂಡರೆ ಮೊತ್ತವು ೧೪ಕ್ಕೆ ಏರುವುದು. ಚಿಕ್ಕ ನಷ್ಟವನ್ನು ದಾಟಿ ಮುಂದೆ ಹೋಗುವುದು ಇಲ್ಲಿ ಲಾಭಕರವಾಯಿತು. ಹಾಗಾದರೆ ಏಳನೆಯ ದಿನದ ೧೨ರ ನಷ್ಟವನ್ನೂ ದಾಟಬಹುದೇ? ದಾಟಿ ಒಂಬತ್ತನೆಯ ದಿನದವರೆಗೆ ಹೋದರೆ ಮೊತ್ತವು ೧೨ ಆಗುವುದೇ ಹೊರತು ೧೪ನ್ನು ಮೀರುವುದಿಲ್ಲ. ಎಲ್ಲಿ ನಷ್ಟವನ್ನು ಸಹಿಸಬೇಕು, ಎಲ್ಲಿ ಹಳೆಯದನ್ನು ಬಿಟ್ಟು ಹೊಸದಾಗಿ ಆರಂಭಿಸಬೇಕು ಎಂಬುದನ್ನು ನಿರ್ಣಯಿಸುವುದೇ ಈ ಸಮಸ್ಯೆಯ ತಿರುಳು.

ನೇರವಾದ ದಾರಿ

ಸಂಶಯಕ್ಕೆಡೆಯಿಲ್ಲದ ಒಂದು ವಿಧಾನವುಂಟು. ಸಾಲಿನಲ್ಲಿ ಎಷ್ಟು ತುಂಡುಗಳು ಸಾಧ್ಯವೋ ಅವೆಲ್ಲವನ್ನೂ ಎತ್ತಿಕೊಂಡು, ಪ್ರತಿಯೊಂದರ ಮೊತ್ತವನ್ನೂ ಕಂಡುಹಿಡಿದು, ಎಲ್ಲಕ್ಕಿಂತ ದೊಡ್ಡದನ್ನು ಆರಿಸುವುದು. ಹತ್ತು ದಿನಗಳಿಗೆ ಇಂತಹ ತುಂಡುಗಳು ೫೫. ಒಂದು ಕಾಗದದ ಮೇಲೆ ಇದನ್ನು ಮಾಡಿ ಮುಗಿಸಬಹುದು. ಆದರೆ ಒಂದು ವರ್ಷದ, ಎಂದರೆ ೩೬೫ ದಿನಗಳ ಲೆಕ್ಕಕ್ಕೆ ತುಂಡುಗಳು ೬೬,೭೯೫ ಆಗುವುವು. ಪ್ರತಿ ತುಂಡನ್ನೂ ಅದರ ಮೊದಲಿನಿಂದ ಕೂಡುತ್ತ ಹೋದರೆ ಒಟ್ಟಿನಲ್ಲಿ ೮೧,೭೧,೨೫೫ ಸಲ ಸಂಖ್ಯೆಗಳನ್ನು ಓದಿ ಮೊತ್ತಕ್ಕೆ ಸೇರಿಸಬೇಕಾಗುವುದು.

ಇಲ್ಲಿ ವ್ಯರ್ಥವಾಗುವ ಶ್ರಮವನ್ನು ಗಮನಿಸಬೇಕು. ಮೂರನೆಯ ದಿನದಿಂದ ಎಂಟನೆಯ ದಿನದವರೆಗಿನ ಮೊತ್ತವನ್ನು ಕಂಡುಹಿಡಿದ ಮೇಲೆ, ಮೂರರಿಂದ ಒಂಬತ್ತರವರೆಗಿನ ಮೊತ್ತಕ್ಕಾಗಿ ಮತ್ತೆ ಮೊದಲಿನಿಂದ ಕೂಡುವ ಅಗತ್ಯವಿಲ್ಲ. ಹಿಂದಿನ ಮೊತ್ತಕ್ಕೆ ಒಂಬತ್ತನೆಯ ಸಂಖ್ಯೆಯನ್ನು ಸೇರಿಸಿದರೆ ಸಾಕು. ಇಷ್ಟು ಮಾಡಿದರೆ ಎಂಬತ್ತೊಂದು ಲಕ್ಷಕ್ಕೂ ಮಿಕ್ಕಿದ ಕೆಲಸವು ೬೬,೭೯೫ಕ್ಕೆ ಇಳಿಯುವುದು. ಒಮ್ಮೆ ಮಾಡಿದ ಲೆಕ್ಕವನ್ನು ಮರೆಯದಿರುವುದರಿಂದಲೇ ಬಂದ ಉಳಿತಾಯವಿದು. ಇದೇ ಜಾಡನ್ನು ಹಿಡಿದು ಇನ್ನೂ ಮುಂದೆ ಹೋಗಬಹುದು.

ಪ್ರಶ್ನೆಯನ್ನೇ ಬದಲಿಸುವುದು

ಇಡೀ ಸಾಲಿನಲ್ಲಿ ಉತ್ತಮವಾದ ತುಂಡು ಯಾವುದೆಂದು ಕೇಳುವ ಬದಲು, ಒಂದು ಕಿರಿಯ ಪ್ರಶ್ನೆಯನ್ನು ಕೇಳಿಕೊಳ್ಳೋಣ: ‘ಸರಿಯಾಗಿ ಈ ದಿನಕ್ಕೆ ಮುಗಿಯುವ ತುಂಡುಗಳಲ್ಲಿ ಉತ್ತಮವಾದುದರ ಮೊತ್ತವೆಷ್ಟು?’ ಈ ಪ್ರಶ್ನೆಯನ್ನು ಒಂದೊಂದು ದಿನಕ್ಕೂ ಕೇಳಬೇಕು. ಸಾಲಿನ ಯಾವುದೇ ತುಂಡು ಯಾವುದಾದರೊಂದು ದಿನಕ್ಕೆ ಮುಗಿಯಲೇಬೇಕಷ್ಟೆ. ಆದ್ದರಿಂದ ಈ ಕಿರಿಯ ಉತ್ತರಗಳಲ್ಲಿ ಅತಿ ದೊಡ್ಡದೇ ನಮ್ಮ ಮೂಲ ಪ್ರಶ್ನೆಯ ಉತ್ತರವಾಗುವುದು.

ಇಂದಿಗೆ ಮುಗಿಯುವ ತುಂಡು ಎರಡೇ ಬಗೆಯದಾಗಿರಬಲ್ಲದು. ಅದರಲ್ಲಿ ಇಂದಿನ ದಿನ ಒಂದೇ ಇರಬಹುದು. ಇಲ್ಲವೆ ನಿನ್ನೆಗೆ ಮುಗಿಯುವ ತುಂಡೊಂದಕ್ಕೆ ಇಂದಿನ ದಿನವನ್ನು ಜೋಡಿಸಿದುದಾಗಿರಬಹುದು. ಮೂರನೆಯ ಬಗೆಯಿಲ್ಲ. ಎರಡನೆಯ ಬಗೆಯಲ್ಲಿ, ನಿನ್ನೆಗೆ ಮುಗಿಯುವ ತುಂಡುಗಳು ಅನೇಕವಿದ್ದರೂ ಅವುಗಳಲ್ಲಿ ಉತ್ತಮವಾದುದನ್ನೇ ಜೋಡಿಸಬೇಕೆಂಬುದು ಸ್ಪಷ್ಟ. ಏಕೆಂದರೆ ಯಾವ ತುಂಡಿಗೆ ಜೋಡಿಸಿದರೂ ಸೇರುವ ಸಂಖ್ಯೆ ಇಂದಿನದೊಂದೇ. ಆದ್ದರಿಂದ ನಿನ್ನೆ ದೊಡ್ಡದಾಗಿದ್ದುದೇ ಇಂದೂ ದೊಡ್ಡದಾಗಿ ಉಳಿಯುವುದು. ಹೀಗಿರುವಲ್ಲಿ ನಿನ್ನೆಯ ಉತ್ತರವೊಂದು ತಿಳಿದಿದ್ದರೆ ಸಾಕು, ಇಂದಿನ ಉತ್ತರವನ್ನು ಒಂದು ಸಂಕಲನದಿಂದಲೂ ಒಂದು ಹೋಲಿಕೆಯಿಂದಲೂ ಪಡೆಯಬಹುದು. ಮೊನ್ನೆಯದನ್ನಾಗಲಿ ಅದಕ್ಕೂ ಹಿಂದಿನದನ್ನಾಗಲಿ ನೋಡಬೇಕಾಗಿಲ್ಲ.

ನಮ್ಮ ಹತ್ತು ದಿನಗಳಿಗೆ ಈ ಕೆಲಸವನ್ನು ಮಾಡಿದರೆ ಕೆಳಗಿನ ಕೋಷ್ಟಕ ದೊರೆಯುವುದು.

ದಿನ — ಸಂಖ್ಯೆ — ಆ ದಿನಕ್ಕೆ ಮುಗಿಯುವ ಉತ್ತಮ ಮೊತ್ತ — ಅದುವರೆಗಿನ ಉತ್ತಮ ಮೊತ್ತ
೧ — ೩ — ೩ — ೩
೨ — −೫ — −೨ — ೩
೩ — ೪ — ೪ — ೪
೪ — ೬ — ೧೦ — ೧೦
೫ — −೩ — ೭ — ೧೦
೬ — ೭ — ೧೪ — ೧೪
೭ — −೧೨ — ೨ — ೧೪
೮ — ೮ — ೧೦ — ೧೪
೯ — ೨ — ೧೨ — ೧೪
೧೦ — −೧ — ೧೧ — ೧೪

ಮೂರನೆಯ ದಿನವನ್ನು ನೋಡಿ. ಹಿಂದಿನ ದಿನದ ಉತ್ತರವು −೨. ಅದಕ್ಕೆ ೪ನ್ನು ಜೋಡಿಸಿದರೆ ೨ ಆಗುವುದು; ೪ನ್ನು ಒಂಟಿಯಾಗಿ ಬಿಟ್ಟರೆ ೪ ಆಗಿಯೇ ಉಳಿಯುವುದು. ಆದ್ದರಿಂದ ಇಲ್ಲಿ ಹಳೆಯದನ್ನು ಬಿಟ್ಟು ಹೊಸದಾಗಿ ಆರಂಭಿಸಬೇಕು. ಏಳನೆಯ ದಿನದ ಸ್ಥಿತಿ ಬೇರೆ. ಆ ದಿನದ ನಷ್ಟವು ದೊಡ್ಡದಾದರೂ ಕೂಡಿಬಂದ ಮೊತ್ತದಲ್ಲಿ ಇನ್ನೂ ೨ ಉಳಿದಿದೆ. ಎಂಟನೆಯ ದಿನಕ್ಕೆ ಅದು ಸಹಾಯಕವೇ ಆಗುವುದು. ನಷ್ಟ ಬಂದ ಕೂಡಲೆ ಹಿಂದಿನದನ್ನು ತ್ಯಜಿಸಬೇಕೆಂಬ ನಿಯಮವಿಲ್ಲ; ಕೂಡಿಬಂದ ಮೊತ್ತವೇ ಸೊನ್ನೆಗಿಂತ ಕೆಳಗಿಳಿದಾಗ ಮಾತ್ರ ತ್ಯಜಿಸಬೇಕು. ಮೊದಲು ಕಠಿನವಾಗಿ ಕಂಡ ನಿರ್ಣಯವು ಇಷ್ಟು ಸರಳವಾದ ನಿಯಮದಲ್ಲಿ ಅಡಗಿದೆ.

ಯಂತ್ರಕ್ಕೆ ಕೊಡುವ ಆಜ್ಞೆಗಳು

ಕಂಪ್ಯೂಟರಿನಲ್ಲಿ ಹೀಗೆ ಸಾಲಾಗಿ ಇಟ್ಟ ಸಂಖ್ಯೆಗಳಿಗೆ ‘ಅರೇ’ ಎಂದು ಹೆಸರು. ಮೇಲಿನ ವಿಧಾನವನ್ನು ಯಂತ್ರಕ್ಕೆ ತಿಳಿಯುವಂತೆ ಹಂತಹಂತವಾಗಿ ಬರೆದರೆ ಅದು ಅಲ್ಗಾರಿದಮ್ ಎನಿಸುವುದು. ನಮಗೆ ‘ಇಂದು’ ಮತ್ತು ‘ಉತ್ತಮ’ ಎಂಬ ಎರಡು ಮನೆಗಳು ಮಾತ್ರ ಬೇಕು.

ಹಂತ ೧. ಸಾಲಿನ ಮೊದಲನೆಯ ಸಂಖ್ಯೆಯನ್ನು ‘ಇಂದು’ ಮತ್ತು ‘ಉತ್ತಮ’ ಎಂಬ ಎರಡು ಮನೆಗಳಲ್ಲಿಯೂ ಬರೆ.
ಹಂತ ೨. ಸಾಲು ಮುಗಿದಿದ್ದರೆ ಐದನೆಯ ಹಂತಕ್ಕೆ ಹೋಗು. ಇಲ್ಲವಾದರೆ ಮುಂದಿನ ಸಂಖ್ಯೆಯನ್ನು ಓದು.
ಹಂತ ೩. ಓದಿದ ಸಂಖ್ಯೆ, ‘ಇಂದು’ವಿಗೆ ಆ ಸಂಖ್ಯೆಯನ್ನು ಕೂಡಿದ ಮೊತ್ತ—ಇವೆರಡರಲ್ಲಿ ದೊಡ್ಡದನ್ನು ‘ಇಂದು’ ಎಂಬ ಮನೆಯಲ್ಲಿ ಬರೆ.
ಹಂತ ೪. ‘ಇಂದು’ವು ‘ಉತ್ತಮ’ಕ್ಕಿಂತ ದೊಡ್ಡದಾದರೆ ಅದನ್ನು ‘ಉತ್ತಮ’ದಲ್ಲಿಯೂ ಬರೆ. ಎರಡನೆಯ ಹಂತಕ್ಕೆ ಹಿಂದಿರುಗು.
ಹಂತ ೫. ‘ಉತ್ತಮ’ದಲ್ಲಿರುವುದೇ ಉತ್ತರ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. ಮೊದಲ ಹಂತದಲ್ಲಿ ಎರಡು ಮನೆಗಳಲ್ಲಿಯೂ ಸೊನ್ನೆಯನ್ನು ಬರೆದು ಆರಂಭಿಸುವ ಅಭ್ಯಾಸ ಹಲವರಿಗುಂಟು. ಸಾಲಿನಲ್ಲಿರುವುದು −೪, −೨, −೭ ಎಂಬ ಮೂರು ನಷ್ಟಗಳೇ ಆದರೆ ಆಗ ಯಂತ್ರವು ಸೊನ್ನೆಯೆಂದು ಉತ್ತರ ಕೊಡುವುದು. ಒಂದು ದಿನವನ್ನೂ ಆರಿಸದಿರುವುದಕ್ಕೆ ಅನುಮತಿಯಿದ್ದರೆ ಅದು ಸರಿ. ಒಂದು ದಿನವನ್ನಾದರೂ ಆರಿಸಲೇಬೇಕೆಂದಿದ್ದರೆ ಸರಿಯಾದ ಉತ್ತರ −೨. ಪ್ರಶ್ನೆಯ ಅರ್ಥವನ್ನು ಮೊದಲು ನಿಶ್ಚಯಿಸಿಕೊಂಡು ಆಮೇಲೆ ಆಜ್ಞೆಗಳನ್ನು ಬರೆಯುವುದು ಕ್ಷೇಮ.

ಇದಕ್ಕಿಂತಲೂ ವೇಗವಾದ ವಿಧಾನವಿರಬಹುದೇ? ಸಾಲಿನ ಪ್ರತಿಯೊಂದು ಸಂಖ್ಯೆಯನ್ನೂ ಒಮ್ಮೆಯಾದರೂ ನೋಡಲೇಬೇಕಾದುದರಿಂದ ಹೇಳಿಕೊಳ್ಳುವಂತಹ ಸುಧಾರಣೆ ಸಾಧ್ಯವಿಲ್ಲ. ನೋಡದೆ ಬಿಟ್ಟ ಸಂಖ್ಯೆಯೊಂದು ಬಹು ದೊಡ್ಡದಾಗಿದ್ದರೆ ಉತ್ತರವೆಲ್ಲ ತಪ್ಪಾಗುವುದಷ್ಟೆ.

ಸಮಸ್ಯೆಯ ಇತಿಹಾಸ

ಈ ಸಮಸ್ಯೆಯು ಹುಟ್ಟಿದ್ದು ಅಂಗಡಿಯ ಲೆಕ್ಕದಿಂದಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾನಿಲಯದಲ್ಲಿದ್ದ ಉಲ್ಫ್ ಗ್ರೆನಾಂಡರ್ ಎಂಬ ಗಣಿತಜ್ಞರು ಚಿತ್ರಗಳಲ್ಲಿ ಅಡಗಿರುವ ಆಕೃತಿಗಳನ್ನು ಗಣನೆಯಿಂದ ಗುರುತಿಸುವ ವಿಷಯದಲ್ಲಿ ಸಂಶೋಧನೆ ನಡೆಸುತ್ತಿದ್ದರು. ಅವರ ಪ್ರಶ್ನೆಯಲ್ಲಿ ಸಂಖ್ಯೆಗಳು ಒಂದು ಸಾಲಿನಲ್ಲಿರದೆ ಚದುರಂಗದ ಹಲಗೆಯಂತೆ ಅಡ್ಡಲಾಗಿಯೂ ಉದ್ದಲಾಗಿಯೂ ಹರಡಿದ್ದುವು. ಅವುಗಳಲ್ಲಿ ಮೊತ್ತವು ಅತ್ಯಧಿಕವಾಗುವ ಆಯತವನ್ನು ಕಂಡುಹಿಡಿಯಬೇಕಾಗಿತ್ತು. ಅದಕ್ಕೆ ಬೇಕಾದ ಕಾಲವು ವಿಪರೀತವಾದುದರಿಂದ, ಅದರ ಸ್ವರೂಪವನ್ನು ಅರಿಯಲು ಅವರು ಒಂದೇ ಸಾಲಿನ ಸರಳ ಸಮಸ್ಯೆಯನ್ನು ಎತ್ತಿಕೊಂಡರು. ೧೯೭೭ರಲ್ಲಿ ಅವರು ಇದನ್ನು ಮೈಕೆಲ್ ಶೇಮೋಸ್ ಎಂಬುವರಿಗೆ ತಿಳಿಸಿದಾಗ, ಶೇಮೋಸರು ಒಂದೇ ರಾತ್ರಿಯಲ್ಲಿ ಹೊಸದೊಂದು ವಿಧಾನವನ್ನು ರಚಿಸಿದರು. ಸಾಲನ್ನು ಎರಡು ಭಾಗ ಮಾಡಿ, ಒಂದೊಂದು ಭಾಗದ ಉತ್ತರವನ್ನೂ, ನಡುಗೆರೆಯನ್ನು ದಾಟುವ ತುಂಡಿನ ಉತ್ತರವನ್ನೂ ಹೋಲಿಸುವ ವಿಧಾನವದು. ಇದಕ್ಕಿಂತ ಉತ್ತಮವಾದುದು ಇರಲಾರದೆಂದೇ ಆಗ ತೋರಿತು. ಕೆಲವೇ ದಿನಗಳ ಅನಂತರ ಪಿಟ್ಸ್‌ಬರ್ಗಿನ ಕಾರ್ನೆಗೀ ಮೆಲನ್ ವಿಶ್ವವಿದ್ಯಾನಿಲಯದ ಗೋಷ್ಠಿಯೊಂದರಲ್ಲಿ ಶೇಮೋಸರು ಇದನ್ನು ವಿವರಿಸಿದರು. ಸಭೆಯಲ್ಲಿದ್ದ ಜೇ ಕಡೇನ್ ಎಂಬ ಸಂಖ್ಯಾಶಾಸ್ತ್ರಜ್ಞರು ನಾವು ಮೇಲೆ ವಿವರಿಸಿದ ಸರಳ ವಿಧಾನವನ್ನು ಒಂದೇ ನಿಮಿಷದೊಳಗೆ ರಚಿಸಿದರು. ಆದ್ದರಿಂದ ಅದು ಇಂದಿಗೂ ಕಡೇನರ ಅಲ್ಗಾರಿದಮ್ ಎಂದೇ ಪ್ರಸಿದ್ಧವಾಗಿದೆ.

ಈ ವೃತ್ತಾಂತವನ್ನು ಜಾನ್ ಬೆಂಟ್ಲಿ ಎಂಬ ಗಣಕವಿಜ್ಞಾನಿ ೧೯೮೪ರಲ್ಲಿ ಪ್ರಕಟಿಸಿದರು. ವಿಧಾನದ ಬೆಲೆಯನ್ನು ಮನಗಾಣಿಸುವುದಕ್ಕಾಗಿ ಅವರು ಒಂದು ವಿಚಿತ್ರವಾದ ಪಂದ್ಯವನ್ನು ಏರ್ಪಡಿಸಿದರು. ಒಂದು ಕಡೆ ಆ ಕಾಲದ ಮಹಾಯಂತ್ರವಾದ ಕ್ರೇ-೧. ಅದಕ್ಕೆ ಎಲ್ಲ ತುಂಡುಗಳನ್ನೂ ಮೊದಲಿನಿಂದ ಕೂಡುವ ನೇರ ವಿಧಾನವನ್ನು ಕೊಟ್ಟರು. ಇನ್ನೊಂದು ಕಡೆ ಮನೆಗಳಲ್ಲಿ ಬಳಸುತ್ತಿದ್ದ ಟಿಆರ್‌ಎಸ್-೮೦ ಎಂಬ ಚಿಕ್ಕ ಕಂಪ್ಯೂಟರ್; ಅದಕ್ಕೆ ಕಡೇನರ ವಿಧಾನವನ್ನು ಕೊಟ್ಟರು. ಸಾಲಿನಲ್ಲಿ ೧,೦೦೦ ಸಂಖ್ಯೆಗಳಿದ್ದಾಗ ಮಹಾಯಂತ್ರಕ್ಕೆ ೩ ಸೆಕೆಂಡು, ಚಿಕ್ಕ ಯಂತ್ರಕ್ಕೆ ೨೦ ಸೆಕೆಂಡು, ಗೆಲುವು ಮಹಾಯಂತ್ರದ್ದೇ. ಸಂಖ್ಯೆಗಳು ೧೦,೦೦೦ ಆದಾಗ ಮಹಾಯಂತ್ರಕ್ಕೆ ಸುಮಾರು ೫೦ ನಿಮಿಷ, ಚಿಕ್ಕದಕ್ಕೆ ಸುಮಾರು ೩ ನಿಮಿಷ. ಒಂದು ಲಕ್ಷವಾದಾಗ ೩೫ ದಿನಗಳಿಗೆ ಎದುರಾಗಿ ೩೨ ನಿಮಿಷ. ಹತ್ತು ಲಕ್ಷಕ್ಕೆ ಲೆಕ್ಕ ಹಾಕಿದರೆ ಮಹಾಯಂತ್ರಕ್ಕೆ ೯೫ ವರ್ಷಗಳು ಬೇಕು. ಚಿಕ್ಕ ಯಂತ್ರಕ್ಕೆ ಸುಮಾರು ಐದೂವರೆ ಗಂಟೆ ಸಾಕು! ಇದಕ್ಕೆ ಕಾರಣ ಸ್ಪಷ್ಟವಾಗಿದೆ. ಸಾಲು ಹತ್ತರಷ್ಟು ಉದ್ದವಾದರೆ ಕಡೇನರ ವಿಧಾನದ ಕೆಲಸವು ಹತ್ತರಷ್ಟಾಗುವುದು; ನೇರ ವಿಧಾನದ ಕೆಲಸವಾದರೋ ಸಾವಿರದಷ್ಟಾಗುವುದು. ಒಬ್ಬ ಮನುಷ್ಯನು ತನ್ನ ಜೀವಮಾನದಲ್ಲಿ ಕಾಣಲಾರದ ಉತ್ತರವನ್ನು ಅದೇ ದಿನ ಸಂಜೆಗೆ ಕಾಣುವಂತೆ ಮಾಡಿದುದು ಯಂತ್ರದ ಬಲವಲ್ಲ, ವಿಚಾರದ ಬಲ.

ಹೆಸರು ಮತ್ತು ತತ್ತ್ವ

ದೊಡ್ಡ ಪ್ರಶ್ನೆಯನ್ನು ಒಂದರ ಮೇಲೊಂದು ಆಧಾರಪಟ್ಟ ಕಿರಿಯ ಪ್ರಶ್ನೆಗಳಾಗಿ ವಿಂಗಡಿಸಿ, ಪ್ರತಿಯೊಂದನ್ನೂ ಒಂದೇ ಸಲ ಬಿಡಿಸಿ, ಉತ್ತರವನ್ನು ಬರೆದಿಟ್ಟುಕೊಂಡು ಮುಂದಿನದಕ್ಕೆ ಬಳಸುವ ಈ ಪದ್ಧತಿಗೆ ‘ಡೈನಮಿಕ್ ಪ್ರೋಗ್ರಾಮಿಂಗ್’ ಎಂದು ಹೆಸರು. ಹೆಸರಿಟ್ಟವರು ಅಮೆರಿಕದ ಗಣಿತಜ್ಞ ರಿಚರ್ಡ್ ಬೆಲ್‌ಮನ್ (೧೯೨೦–೧೯೮೪). ಕ್ಯಾಲಿಫೋರ್ನಿಯದ ರ‍್ಯಾಂಡ್ ಸಂಸ್ಥೆಯಲ್ಲಿ ಅವರು ಇದನ್ನು ಬೆಳೆಸಿ, ೧೯೫೭ರಲ್ಲಿ ಇದೇ ಹೆಸರಿನ ಗ್ರಂಥವನ್ನು ಪ್ರಕಟಿಸಿದರು. ಪ್ರೋಗ್ರಾಮಿಂಗ್ ಎಂಬ ಮಾತಿಗೆ ಇಲ್ಲಿ ಯಂತ್ರಕ್ಕೆ ಆಜ್ಞೆ ಬರೆಯುವುದೆಂದು ಅರ್ಥವಲ್ಲ. ಯೋಜನೆ ಹಾಕುವುದೆಂದು ಅರ್ಥ. ಹಲವು ಘಟ್ಟಗಳಲ್ಲಿ, ಕಾಲ ಸರಿದಂತೆಲ್ಲ ನಿರ್ಣಯಗಳನ್ನು ಕೈಗೊಳ್ಳಬೇಕಾಗುವುದರಿಂದ ಡೈನಮಿಕ್ ಎಂಬ ವಿಶೇಷಣ ಸೇರಿತು. ಇದರ ಮೂಲತತ್ತ್ವವನ್ನು ಬೆಲ್‌ಮನ್ನರು ಉತ್ತಮತೆಯ ತತ್ತ್ವವೆಂದು ಕರೆದರು. ಸರ್ವೋತ್ತಮವಾದ ಯೋಜನೆಯ ಮೊದಲ ಹೆಜ್ಜೆ ಯಾವುದೇ ಆಗಿರಲಿ, ಆ ಹೆಜ್ಜೆಯಿಂದ ಉಂಟಾದ ಸ್ಥಿತಿಗೆ ಉಳಿದ ಯೋಜನೆಯೂ ಸರ್ವೋತ್ತಮವಾಗಿರಬೇಕು—ಇದೇ ಅದರ ಭಾವ.

ಹೆಸರು ಹೊಸದಾದರೂ, ಹಿಂದಿನ ಉತ್ತರಗಳಿಂದ ಮುಂದಿನ ಉತ್ತರವನ್ನು ಕಟ್ಟುವ ಕ್ರಮವು ನಮ್ಮ ದೇಶದ ಛಂದಶ್ಶಾಸ್ತ್ರಕಾರರಿಗೆ ಬಹು ಹಿಂದೆಯೇ ತಿಳಿದಿದ್ದಿತು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ ಎಂಬುದನ್ನು ಕನ್ನಡ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಐದು ಮಾತ್ರೆಗಳ ಗಣವನ್ನು ಎಷ್ಟು ಬಗೆಯಾಗಿ ರಚಿಸಬಹುದು? ಅದರ ಕೊನೆಯ ಅಕ್ಷರ ಲಘುವಾದರೆ ಮೊದಲು ನಾಲ್ಕು ಮಾತ್ರೆಗಳಿರಬೇಕು; ಗುರುವಾದರೆ ಮೂರು ಮಾತ್ರೆಗಳಿರಬೇಕು. ನಾಲ್ಕು ಮಾತ್ರೆಗಳಿಗೆ ೫ ಬಗೆ, ಮೂರು ಮಾತ್ರೆಗಳಿಗೆ ೩ ಬಗೆ. ಆದ್ದರಿಂದ ಐದಕ್ಕೆ ೮ ಬಗೆ. ಪ್ರಾಕೃತ ಛಂದಸ್ಸಿನ ಲಕ್ಷಣಕಾರನಾದ ವಿರಹಾಂಕನು ಈ ನಿಯಮವನ್ನು ತಿಳಿಸಿದ್ದಾನೆ. ಹೇಮಚಂದ್ರನು ಹನ್ನೆರಡನೆಯ ಶತಮಾನದಲ್ಲಿ ಅದನ್ನು ವಿವರಿಸಿದ್ದಾನೆ. ಪಾಶ್ಚಾತ್ಯರಲ್ಲಿ ಇದೇ ಸಂಖ್ಯಾಶ್ರೇಣಿ ೧೨೦೨ರಲ್ಲಿ ಗ್ರಂಥ ಬರೆದ ಫಿಬೊನಾಚ್ಚಿಯ ಹೆಸರಿನಿಂದ ಪ್ರಸಿದ್ಧವಾಯಿತು. ನಲವತ್ತು ಮಾತ್ರೆಗಳ ರೂಪಗಳನ್ನೆಲ್ಲ ಒಂದೊಂದಾಗಿ ಬರೆದು ಎಣಿಸಹೊರಟರೆ ೧೬,೫೫,೮೦,೧೪೧ ರೂಪಗಳನ್ನು ಬರೆಯಬೇಕು. ವಿರಹಾಂಕನ ನಿಯಮದಂತೆ ನಡೆದರೆ ಮೂವತ್ತೆಂಟು ಸಂಕಲನಗಳು ಸಾಕು.

ಎಷ್ಟನ್ನು ನೆನಪಿಡಬೇಕು?

ಯುಕ್ತಿ ಸರಳವಾದರೂ ಅದನ್ನು ಕುರುಡಾಗಿ ಬಳಸಬಾರದು. ಮೊತ್ತದ ಬದಲು ಗುಣಲಬ್ಧವು ಅತ್ಯಧಿಕವಾಗುವ ತುಂಡನ್ನು ಕೇಳಿದರೆ ಏನಾಗುವುದು? ಸಾಲು −೨, ೩, −೪ ಎಂದಿರಲಿ. ಹಿಂದಿನಂತೆ ಪ್ರತಿ ದಿನಕ್ಕೂ ದೊಡ್ಡ ಗುಣಲಬ್ಧವನ್ನು ಮಾತ್ರ ಇಟ್ಟುಕೊಂಡು ಹೋದರೆ ಕ್ರಮವಾಗಿ −೨, ೩, −೪ ದೊರೆತು, ಉತ್ತರ ೩ ಎಂದಾಗುವುದು. ಆದರೆ ಮೂರನ್ನೂ ಗುಣಿಸಿದರೆ ೨೪ ಬರುವುದು! ಋಣಸಂಖ್ಯೆಯಿಂದ ಗುಣಿಸಿದಾಗ ಅತಿ ಚಿಕ್ಕದೇ ಅತಿ ದೊಡ್ಡದಾಗಿ ಮಾರ್ಪಡುವುದರಿಂದ, ನಿನ್ನೆಯ ಉತ್ತಮವೊಂದೇ ಇಲ್ಲಿ ಸಾಲದು. ನಿನ್ನೆಯ ಕನಿಷ್ಠವೂ ಬೇಕು. ಎರಡನೆಯ ದಿನದ ಕನಿಷ್ಠವಾದ −೬ನ್ನು ಬರೆದಿಟ್ಟುಕೊಂಡಿದ್ದರೆ, ಅದನ್ನು −೪ರಿಂದ ಗುಣಿಸಿ ೨೪ನ್ನು ಪಡೆಯಬಹುದಾಗಿತ್ತು. ಮುಂದಿನ ಹೆಜ್ಜೆಗೆ ಅಗತ್ಯವಾದುದೆಲ್ಲವೂ ನೆನಪಿನಲ್ಲಿರಬೇಕು, ಅಗತ್ಯವಿಲ್ಲದುದು ಇರಬಾರದು; ಇದನ್ನು ಅರಿಯುವುದೇ ಈ ಪದ್ಧತಿಯಲ್ಲಿ ನಿಜವಾದ ಕೌಶಲ.

ಇದರ ಪ್ರಯೋಜನವು ಒಗಟುಗಳಿಗೆ ಸೀಮಿತವಾಗಿಲ್ಲ. ಎರಡು ಪ್ರೋಟೀನುಗಳ ಘಟಕಗಳನ್ನು ಸಾಲಾಗಿಟ್ಟು ಅವುಗಳ ಹೋಲಿಕೆಯನ್ನು ಅಳೆಯುವುದಕ್ಕೆ ನೀಡಲ್‌ಮನ್ ಮತ್ತು ವುನ್ಷ್ ಎಂಬುವರು ೧೯೭೦ರಲ್ಲಿ ಈ ಪದ್ಧತಿಯನ್ನೇ ಬಳಸಿದರು. ೧೯೮೧ರಲ್ಲಿ ಸ್ಮಿತ್ ಮತ್ತು ವಾಟರ್‌ಮನ್ ಎಂಬುವರು, ಉದ್ದವಾದ ಎರಡು ಸಾಲುಗಳಲ್ಲಿ ಅತ್ಯಂತ ಹೋಲುವ ತುಂಡುಗಳನ್ನು ಮಾತ್ರ ಹುಡುಕುವ ವಿಧಾನವನ್ನು ರಚಿಸಿದರು. ಹೋಲಿಕೆಯ ಅಂಕವು ಸೊನ್ನೆಗಿಂತ ಕೆಳಗಿಳಿಯುವಲ್ಲಿ ಹಳೆಯದನ್ನು ಬಿಟ್ಟು ಹೊಸದಾಗಿ ಆರಂಭಿಸುವುದು ಅದರ ಮುಖ್ಯ ನಿಯಮ. ನಮ್ಮ ಅಂಗಡಿಯ ಲೆಕ್ಕದಲ್ಲಿ ಮೂರನೆಯ ದಿನ ನಡೆದುದೂ ಇದೇ ಎಂಬುದನ್ನು ವಾಚಕರು ಗುರುತಿಸಬಹುದು. ಜೀವಿಗಳ ಆನುವಂಶಿಕ ದ್ರವ್ಯವನ್ನು ಹೋಲಿಸುವ ಶಾಸ್ತ್ರದಲ್ಲಿ ಈ ವಿಧಾನಗಳು ಆಧಾರಸ್ತಂಭಗಳಾಗಿವೆ.

ಕೊನೆಯಲ್ಲಿ ವಿದ್ಯಾರ್ಥಿಗಳ ಅಭ್ಯಾಸಕ್ಕೆ ಒಂದು ಸಮಸ್ಯೆ. ೬, ೧೦, ೭, ೨, ೯, ೪—ಈ ಸಾಲಿನಿಂದ ಕೆಲವು ಸಂಖ್ಯೆಗಳನ್ನು ಆರಿಸಬೇಕು. ಆದರೆ ಅಕ್ಕಪಕ್ಕದಲ್ಲಿರುವ ಎರಡನ್ನು ಆರಿಸಕೂಡದು. ಮೊತ್ತವು ಅತ್ಯಧಿಕವಾಗಬೇಕು. ದೊಡ್ಡದೆಂದು ೧೦ನ್ನು ಮೊದಲು ಹಿಡಿದು, ಆಮೇಲೆ ೯ನ್ನು ಹಿಡಿದರೆ ೧೯ ಮಾತ್ರ ದೊರೆಯುವುದು. ಸರಿಯಾದ ಉತ್ತರ ೨೨. ಒಂದೊಂದು ಸಂಖ್ಯೆಯ ಬಳಿಯಲ್ಲಿಯೂ ನಿಂತು, ‘ಇದನ್ನು ತೆಗೆದುಕೊಂಡರೆ ನನಗೆ ಯಾವ ಹಿಂದಿನ ಉತ್ತರ ಬೇಕು? ಬಿಟ್ಟರೆ ಯಾವುದು ಬೇಕು?’ ಎಂದು ಕೇಳಿಕೊಳ್ಳಿರಿ. ಕಾಗದದ ಮೇಲೆ ಆರು ಮನೆಗಳ ಕೋಷ್ಟಕವನ್ನು ಬರೆದು ೨೨ನ್ನು ನೀವೇ ಪಡೆದ ಕ್ಷಣದಲ್ಲಿ ಈ ಪದ್ಧತಿಯು ನಿಮ್ಮದಾಯಿತೆಂದು ತಿಳಿಯಬಹುದು.